ಮೊದಲ ಮಳೆ ಅವಕ್ಕೆ, ಎರಡನೆಯದು ನಮಗೆ

ಏಪ್ರಿಲ್ ಮುಗಿಯಲು ನಾಲ್ಕೈದು ದಿನವಿತ್ತು. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆ ಮುಕ್ಕಾಲು ಗಂಟೆ ದಪ್ಪ ಹನಿಯ ಮಳೆ ಹುಯ್ದು ನಿಂತಿತು. ಹೋಗಿದ್ದ ಕರೆಂಟು ಬಂದಾಗ ಜಗಲಿಯ ಬಲ್ಬಿಗೆ ಈಸಲು ಹುಳುಗಳು ಮುತ್ತಿಕೊಂಡಿದ್ದವು. ಮೆಟ್ಟಿಲ ಸಂದಿಯಿಂದ ನೆಲಗಪ್ಪೆಯೊಂದು ಹೊರಬಂದು, ಕೂತ ಜಾಗ ಬಿಡದೆ, ರೆಕ್ಕೆ ಕಳಚಿ ಬಿದ್ದ ಹುಳುಗಳನ್ನು ಒಂದೊಂದಾಗಿ ನಾಲಿಗೆಗೆ ಅಂಟಿಸಿಕೊಳ್ಳುತ್ತಿತ್ತು. ನನಗೆ ಅದರ ಊಟದ ಮೇಲೆ ಗಮನವಿರಲಿಲ್ಲ. ಮಣ್ಣಿನ ವಾಸನೆ ತಲೆಗೇರಿತ್ತು. ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಎದ್ದವನೇ ಹಿತ್ತಲಲ್ಲಿ ನಾಲ್ಕು ಮಡಿ ಮಾಡಿ ದಂಟು, ಬೆಂಡೆ, ತಡಗುಣಿ ಹಾಕಿದೆ. ಐದನೇ ದಿನಕ್ಕೆ ಬೆಂಡೆ ಮೊಳೆತು ಜೋಡಿ ಎಲೆ ಬಿಚ್ಚಿತು. ಆರನೇ ದಿನ ಬೆಳಿಗ್ಗೆ ನೋಡಿದರೆ ಸಾಲಿನುದ್ದಕ್ಕೂ ಬರೀ ಕಡ್ಡಿ. ಮಣ್ಣಿನ ಮೇಲೆ ಒಣಗಿದ ಲೋಳೆಯ ಬೆಳ್ಳಿ ಗೆರೆ. ದಂಟಿನ ಬೀಜವನ್ನು ಇರುವೆಗಳು ಆಗಲೇ ಹೊತ್ತೊಯ್ದಿದ್ದವು. ಅಲ್ಲಿ ಇಲ್ಲಿ ಉಳಿದ ಸಸಿಗಳನ್ನು ಮುಂದಿನ ಹನ್ನೆರಡು ದಿನದ ಬಿಸಿಲು ಮುಗಿಸಿತು. ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ ನಕ್ಕು ಒಂದೇ ಮಾತು ಹೇಳಿದರು: “ಮೊದಲ್ ಮಳ ಅವುಕ ಕನ ಮಗ, ಎರಡ್ನೇದು ನಮ್ಗ.”

‘ಅವುಕ’ ಅಂದರೆ ಹುಳಹುಪ್ಪಟೆಗೆ, ಕಳೆಗೆ, ಕಪ್ಪೆಗೆ, ಹಾವಿಗೆ, ಹಕ್ಕಿಗೆ. ಅಜ್ಜಿಯ ಮಾತನ್ನು ಆಗ ಸಮಾಧಾನ ಅಂದುಕೊಂಡಿದ್ದೆ. ಆಮೇಲಿನ ವರ್ಷಗಳಲ್ಲಿ ಹಿತ್ತಲಲ್ಲಿ ಕೂತು ನೋಡುತ್ತ ಹೋದಂತೆ ಅದು ಬೇಸಾಯದ ಒಂದು ಪೂರ್ತಿ ಪಾಠ ಎಂದು ಅರಿವಾಯಿತು. ನಂಜನಗೂಡು, ತಿ. ನರಸೀಪುರದ ಕಡೆ ಬೇಸಿಗೆಯ ಮೊದಲ ಮಳೆಯಲ್ಲಿ ತರಕಾರಿ ಹಾಕುವವರಿಗೆ ಆ ಪಾಠವನ್ನು ಬಿಡಿಸಿ ಹೇಳುವುದಷ್ಟೇ ಈ ವಾರದ ಅಂಕಣ.

ಅಶ್ವಿನಿಯಿಂದ ರೋಹಿಣಿವರೆಗೆ

ನಂಜನಗೂಡು, ತಿ. ನರಸೀಪುರಗಳೆರಡೂ ನದಿಯ ಹೆಸರಲ್ಲಿ ಬಾಳುವ ಊರುಗಳು. ನಂಜನಗೂಡಿಗೆ ಕಪಿಲೆ, ತಿ. ನರಸೀಪುರಕ್ಕೆ ಆ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು. ಕಪಿಲೆಯ, ಅಂದರೆ ಕಬಿನಿಯ, ನಾಲೆಯ ಕೆಳಗಿನ ಗದ್ದೆ ಬಯಲನ್ನು ಕಂಡವರು ಇದನ್ನು ನೀರಿನ ಸೀಮೆ ಎಂದೇ ತಿಳಿಯುತ್ತಾರೆ. ಕೃಷಿ ವಲಯಗಳ ವಿಂಗಡಣೆಯಲ್ಲಿ ಮಾತ್ರ ಎರಡೂ ತಾಲ್ಲೂಕುಗಳು ದಕ್ಷಿಣ ಒಣ ವಲಯಕ್ಕೆ ಸೇರುತ್ತವೆ. ಈ ವಲಯದ ವರ್ಷದ ಮಳೆ ಸುಮಾರು 670ರಿಂದ 890 ಮಿಲಿಮೀಟರ್. ಮುಂಗಾರು ಬಲಗೊಂಡು ಜಲಾಶಯಕ್ಕೆ ನೀರು ಬಂದ ಮೇಲೆ ನಾಲೆಗೆ ಬಿಡುತ್ತಾರೆ. ಯುಗಾದಿಯಿಂದ ಅಲ್ಲಿಯವರೆಗೆ ಹಿತ್ತಲಿಗೆ ಬೋರಿನ ನೀರು, ಇಲ್ಲವೇ ಆಕಾಶದ್ದು.

ಆಕಾಶದ ನೀರು ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಜುಲೈಯಲ್ಲಿ ಕೊಡಗು, ವಯನಾಡು ನೆನೆದು ತೊಪ್ಪೆಯಾಗಿದ್ದರೂ ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಸಿಗುವುದು ಬೀಸುಗಾಳಿ ಮತ್ತು ಜಡಿ ತುಂತುರು. ಮೇ ತಿಂಗಳ ಮಳೆಯ ಹುಟ್ಟೇ ಬೇರೆ. ಹಗಲು ಕಾದ ನೆಲದ ಗಾಳಿ ಮೇಲೇರುತ್ತದೆ, ಕಡಲ ಕಡೆಯಿಂದ ತೇವ ನುಗ್ಗುತ್ತದೆ, ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೋಡ ಗೋಪುರದಂತೆ ಎದ್ದು ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಒಡೆಯುತ್ತದೆ. ಹಾಗಾಗಿಯೇ ಒಂದು ಊರಿನಲ್ಲಿ ಕೆರೆಯ ಕೋಡಿ ನೋಡುವಷ್ಟು ಮಳೆ, ಎರಡು ಮೈಲಿ ಆಚೆ ಧೂಳು. ಮೊಬೈಲಿನಲ್ಲಿ ತಾಲ್ಲೂಕಿಗೆ ಮಳೆ ಎಂದು ತೋರಿಸಿದರೆ ಅದು ನಮ್ಮ ಮಡಿಗೆ ಬಿತ್ತು ಎಂದಾಗುವುದಿಲ್ಲ.

ನಮ್ಮ ಹಿರಿಯರು ಇದನ್ನು ನಕ್ಷತ್ರದ ಲೆಕ್ಕದಲ್ಲಿ ಹಿಡಿದಿದ್ದರು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ರ ಹೊತ್ತಿಗೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ‘ಅಶ್ವಿನಿ ಸಸ್ಯನಾಶಿನಿ’ ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಕೇಳಿದಾಗ ಮಳೆಗೇಕೆ ಈ ಶಾಪ ಎನಿಸುತ್ತಿತ್ತು. ಈಗ ಅರ್ಥವಾಗುತ್ತದೆ. ಅಶ್ವಿನಿಯ ಮಳೆ ಬೀಜವನ್ನು ಎಬ್ಬಿಸುತ್ತದೆ, ಸಾಕುವುದಿಲ್ಲ. ಮುಂದಿನ ಹದಕ್ಕೆ ಎರಡು ವಾರವಾದರೂ ಆದೀತು. ಅಷ್ಟರಲ್ಲಿ ಬೇರು ಒಂದು ಅಂಗುಲ ಇಳಿದಿರುತ್ತದೆ, ತೇವ ಮೂರು ಅಂಗುಲ ಕೆಳಗೆ ಸರಿದಿರುತ್ತದೆ. ಭರಣಿಗೆ ಮಾತ್ರ ಗಾದೆಯಲ್ಲೂ ಮರ್ಯಾದೆ ಇದೆ: ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’. ಯುಗಾದಿಗೆ ಹೊನ್ನಾರು ಕಟ್ಟಿ ನೆಲ ಗೀರುವ ನಮ್ಮ ಸೀಮೆಯ ಪದ್ಧತಿಯಲ್ಲೂ ಅಂದು ಉಳುಮೆಗೆ ಶಾಸ್ತ್ರವಿದೆಯೇ ಹೊರತು ಬಿತ್ತನೆಗೆ ಅವಸರವಿಲ್ಲ.

ಗಾದೆಯ ಲೆಕ್ಕವೂ ತಪ್ಪುವ ವರ್ಷಗಳಿವೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ವಾಡಿಕೆ ಜೂನ್ 1. ಆ ಮೇ ತಿಂಗಳಲ್ಲಿ ರಾಜ್ಯಕ್ಕೆ ಬಿದ್ದ ಮಳೆ ಸರಾಸರಿ 219 ಮಿಲಿಮೀಟರ್; ವಾಡಿಕೆ 74. ಮೇ ತಿಂಗಳ ಮಟ್ಟಿಗೆ 1901ರಿಂದೀಚೆಗೆ ಇಷ್ಟು ಬಿದ್ದದ್ದಿಲ್ಲ ಎಂದು ದಾಖಲೆಗಳು ಹೇಳಿದವು. ಅಂಥ ವರ್ಷದಲ್ಲಿ ಒಣಗಿ ಸಾಯುವ ಚಿಂತೆ ಹೋಗಿ ಕೊಳೆತು ಸಾಯುವ ಚಿಂತೆ ಬರುತ್ತದೆ. ಆದ್ದರಿಂದ ಮೇ ತಿಂಗಳ ಹಿತ್ತಲು ಎರಡಕ್ಕೂ ತಯಾರಿರಬೇಕು: ಹದಿನೈದು ದಿನ ಮಳೆಯೇ ಇಲ್ಲದಿದ್ದರೂ ತಡೆಯಬೇಕು, ನಾಲ್ಕು ದಿನ ಬಿಡದೆ ಹುಯ್ದರೂ ತಡೆಯಬೇಕು.

ಎದ್ದವರ ಸರದಿ

ಮೊದಲ ಮಳೆ ಬಿದ್ದ ಸಂಜೆಯಿಂದ ಹತ್ತು ದಿನ ಹಿತ್ತಲನ್ನು ನೋಡಿದರೆ ಎಲ್ಲರೂ ಒಂದು ಸರದಿಯಲ್ಲಿ ಏಳುವುದು ಕಾಣುತ್ತದೆ. ಅದೇ ರಾತ್ರಿ ಈಸಲು. ಇವು ಗೆದ್ದಲಿನ ಮದುವೆ ದಿಬ್ಬಣ. ರೆಕ್ಕೆ ಕಳಚಿದ ಜೋಡಿಗಳಲ್ಲಿ ಬದುಕಿದವು ನೆಲ ಹೊಕ್ಕು ಹೊಸ ಹುತ್ತಕ್ಕೆ ತಳಪಾಯ ಹಾಕುತ್ತವೆ. ಹೊಂಡದಲ್ಲಿ ಒಂದು ಮೊಳ ನೀರು ನಿಂತರೆ ಸಾಕು, ದೊಡ್ಡ ಕಪ್ಪೆಗಳು ಸೇರುತ್ತವೆ. ಗಂಡುಗಳು ಅರಿಸಿನ ಬಳಿದುಕೊಂಡಂತೆ ಹಳದಿಯಾಗಿ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ.

ಮುಸ್ಸಂಜೆಗೆ ಕಂದು ದುಂಬಿಗಳು ನೆಲದಿಂದೆದ್ದು ಬೇವು, ನುಗ್ಗೆಯ ಮೇಲೆ ಕೂತು ಎಲೆ ಮೇಯುತ್ತವೆ. ನೋಡಲು ನಿರುಪದ್ರವಿ. ಆದರೆ ಇವು ಮತ್ತೆ ಮಣ್ಣಿಗಿಳಿದು ಇಟ್ಟ ಮೊಟ್ಟೆಯೇ ಮುಂದೆ ಬೇರು ತಿನ್ನುವ ಗೊಣ್ಣೆ ಹುಳು. ಕೊಂಬೆಯ ಕೆಳಗೆ ಹಳೆ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿದರೆ ದುಂಬಿಗಳು ತೊಪತೊಪ ಉದುರುತ್ತವೆ. ಸೀಮೆಎಣ್ಣೆಯೋ ಸೋಪೋ ಬೆರೆಸಿದ ನೀರಿನ ಬಕೆಟ್ಟಿಗೆ ಸುರಿದರೆ ಮುಗಿಯಿತು. ಮಳೆ ಬಿದ್ದ ಮೊದಲ ಮೂರು ನಾಲ್ಕು ಸಂಜೆಯ ಈ ಕೆಲಸ ಆಗಸ್ಟಿನಲ್ಲಿ ಹಾಕುವ ಔಷಧಿಗಿಂತ ಮೇಲು.

ನನ್ನ ಬೆಂಡೆ ತಿಂದದ್ದು ಇವು ಯಾವುವೂ ಅಲ್ಲ. ಅದು ಶಂಖದ ಹುಳು, ಆಫ್ರಿಕಾದ ದೊಡ್ಡ ಬಸವನಹುಳು. ಪೂರ್ವ ಆಫ್ರಿಕಾದ ಈ ಪ್ರಾಣಿಯನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದವನು ವಿಲಿಯಂ ಬೆನ್ಸನ್ ಎಂಬ ಕಂಪನಿ ಸರ್ಕಾರದ ಅಧಿಕಾರಿ. ಅವನಿಗೆ ಬಸವನಹುಳುಗಳನ್ನು ಸಂಗ್ರಹಿಸುವ ಹವ್ಯಾಸ. ಅಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟದ್ದು ಇಂದು ಕರ್ನಾಟಕದ ಅಡಿಕೆ, ಪಪ್ಪಾಯ, ಹಿಪ್ಪುನೇರಳೆ ತೋಟಗಳಿಗೂ ಬಂದು ಕೂತಿದೆ. ಇದರ ಬಲ ಇರುವುದು ತಾಳ್ಮೆಯಲ್ಲಿ. ಬೇಸಿಗೆ ಬಂತೆಂದರೆ ಕಲ್ಲಿನ ಸಂದಿಯಲ್ಲೋ ಇಟ್ಟಿಗೆ ಗುಡ್ಡೆಯ ಅಡಿಯಲ್ಲೋ ಚಿಪ್ಪಿನ ಬಾಯಿಗೆ ತೆಳು ಪೊರೆ ಎಳೆದುಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಮೊದಲ ಮಳೆಗೆ ಪೊರೆ ಒಡೆದು, ಹಸಿದು ಹೊರಬರುತ್ತದೆ. ಆಗ ಮೆತ್ತನೆಯ ಮೊಳಕೆ ಎದುರಿಗಿದ್ದರೆ ಬಿಟ್ಟೀತೆ? ಒಂದೇ ಪ್ರಾಣಿಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಕೂಡಿದ ಎರಡೂ ಮೊಟ್ಟೆ ಇಡಬಲ್ಲವು. ಒಂದು ಸಲಕ್ಕೆ ನೂರು ಇನ್ನೂರು, ಸಾಬೂದಾನಿಯಂತೆ ಬಿಳಿ ಹಳದಿ ಮೊಟ್ಟೆ, ಮೇಲ್ಮಣ್ಣಿನಲ್ಲೇ.

ಇದನ್ನು ಹಿಡಿಯುವ ಒಳ್ಳೆಯ ಹೊತ್ತೂ ಮೊದಲ ಮಳೆಯ ವಾರವೇ. ಮೊಟ್ಟೆ ಇಡುವ ಮೊದಲು ದೊಡ್ಡವನ್ನು ಆರಿಸಿದರೆ ಆ ವರ್ಷದ ಸಂತಾನವೇ ಕಡಿಮೆ. ಸಂಜೆ ಗೋಣಿಚೀಲವನ್ನು ನೆನೆಸಿ ಮಡಿಯ ಪಕ್ಕ ಹಾಸಿ, ಅದರಡಿ ಪಪ್ಪಾಯದ ಎಲೆ, ಕೋಸಿನ ಹೊರ ಎಲೆ ಇಡಬೇಕು. ಬೆಳಿಗ್ಗೆ ಆರಕ್ಕೆ ಚೀಲ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಅಂಟಿರುತ್ತವೆ. ಬರಿಗೈಯಲ್ಲಿ ಮುಟ್ಟಬಾರದು. ಮನುಷ್ಯರ ಮಿದುಳಿಗೆ ತೊಂದರೆ ಕೊಡಬಲ್ಲ ಜಂತುವನ್ನು ಇವು ಹೊತ್ತಿರುತ್ತವೆ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಆಮೇಲೆ ಆಳವಾಗಿ ಹೂಳಬೇಕು. ಉಪ್ಪನ್ನು ಮಡಿಯ ಮೇಲೆ ಎರಚುವವರಿದ್ದಾರೆ. ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ, ಕೋಳಿ ಓಡಾಡುವ ಹಿತ್ತಲಿಗೆ ತರಬೇಡಿ, ಅವಕ್ಕೂ ಅದು ವಿಷವೇ. ನಿಮ್ಮ ಬೇಲಿಯಲ್ಲಿ ಕೆಂಬೂತವಿದ್ದರೆ ಅದನ್ನು ಓಡಿಸಬೇಡಿ. ಕೆಂಪು ರೆಕ್ಕೆಯ ಆ ನಾಚಿಕೆಯ ಹಕ್ಕಿ ಶಂಖದ ಹುಳುವನ್ನು ಎಳೆದು ತಿನ್ನುತ್ತದೆ.

ಬಿತ್ತದ ಹತ್ತು ದಿನ

ಮೂರನೇ ದಿನದಿಂದ ಕಳೆ. ಗೋಣಿಸೊಪ್ಪು, ಮುಳ್ಳುಕೀರೆ, ಕಾಂಗ್ರೆಸ್ ಗಿಡ, ಜೊತೆಗೆ ಬೇಡದ ನೆಂಟನಂತೆ ಕೊನ್ನಾರಿ. ನಾವು ಬಿತ್ತದೆ ಕಾದರೆ ಇವೆಲ್ಲ ಖಾಲಿ ಮಡಿಯಲ್ಲಿ ಮೊಳೆತು ತೋರಿಸಿಕೊಳ್ಳುತ್ತವೆ. ಎಂಟನೇ ದಿನ ಕಳೆಕುಡುಗೋಲಿನಲ್ಲಿ ಮೇಲೆ ಮೇಲೆ ಕೆರೆದರೆ ಮೇಲ್ಪದರದ ಬೀಜದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಆಳಕ್ಕೆ ಅಗೆಯಬಾರದು; ಅಗೆದರೆ ಕೆಳಗೆ ಮಲಗಿದ್ದ ಬೀಜ ಬೆಳಕಿಗೆ ಬಂದು ಎರಡನೇ ಮಳೆಗೆ ಮತ್ತೆ ಹುಟ್ಟುತ್ತದೆ. ಬಿತ್ತಿದ ಮೇಲೆ ಸಸಿಯ ನಡುವೆ ಬೆರಳಿನಿಂದ ಕಳೆ ಕೀಳುವ ಒಂದು ವಾರದ ಕೆಲಸ ಇಲ್ಲಿ ಅರ್ಧ ಗಂಟೆಯಲ್ಲಿ ಆಗುತ್ತದೆ. ಕೃಷಿ ವಿಜ್ಞಾನದ ಪುಸ್ತಕಗಳೂ ಇದೇ ಉಪಾಯವನ್ನು ಹೇಳುತ್ತವೆ. ಅಜ್ಜಿಗೆ ಪುಸ್ತಕದ ಹಂಗಿರಲಿಲ್ಲ.

ಕಿತ್ತದ್ದೆಲ್ಲ ತಿಪ್ಪೆಗೆ ಹೋಗಬೇಕಿಲ್ಲ. ಗಣಿಕೆ, ಕೀರೆ, ಅಣ್ಣೆ, ಹೊನಗೊನೆ, ಗೋಣಿ, ಎಳೆ ಕುಂಬಳದ ಕುಡಿ ಸೇರಿಸಿದರೆ ಬೆರಕೆ ಸೊಪ್ಪು. ಅದರ ಬಸ್ಸಾರು, ಉಪ್ಸಾರು ಮಾಡಿ ಬಿಸಿ ಮುದ್ದೆ ಇಟ್ಟರೆ ಮೊದಲ ಮಳೆಯ ಕೊಯ್ಲು ಬಿತ್ತುವ ಮೊದಲೇ ಆಯಿತು. ನಮ್ಮ ಕಡೆಯ ಹೆಂಗಸರು ಮಳೆ ಬಿದ್ದ ವಾರಕ್ಕೆ ಮಡಿಲು ಕಟ್ಟಿಕೊಂಡು ಬದುವಿನಲ್ಲಿ ಓಡಾಡುವುದು ಇದಕ್ಕೇ. ಔಷಧಿ ಹೊಡೆದ ಹೊಲದ ಬದುವಿನ ಸೊಪ್ಪನ್ನು ಮಾತ್ರ ಮುಟ್ಟಬಾರದು.

ಈ ಹತ್ತು ದಿನದ ಇನ್ನೊಂದು ಕೆಲಸ ನೀರಿಗೆ ದಾರಿ ಮಾಡುವುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 500 ಚದರಡಿಯ ಸೂರಿನ ಮೇಲೆ 25 ಮಿಲಿಮೀಟರ್ ಹುಯ್ದರೆ ಸಾವಿರದ ನೂರು ಲೀಟರಿಗೂ ಹೆಚ್ಚು ನೀರು ಒಂದೇ ಸಂಜೆ ಹಿತ್ತಲಿಗೆ ಇಳಿಯುತ್ತದೆ. ಅದಕ್ಕೆ ಡ್ರಮ್ಮೋ ಇಂಗುಗುಂಡಿಯೋ ತೋರಿಸದಿದ್ದರೆ ಅದೇ ದಾರಿ ಹುಡುಕಿಕೊಳ್ಳುತ್ತದೆ, ಆ ದಾರಿ ಸಾಮಾನ್ಯವಾಗಿ ಮೆಣಸಿನ ಸಸಿಯ ಬುಡದಲ್ಲೇ ಹೋಗುತ್ತದೆ. ಮಡಿ ನೆಲಮಟ್ಟಕ್ಕಿಂತ ಒಂದು ಚೋಟು ಏರಿರಲಿ, ಅಗಲ ಒಂದು ಮೀಟರ್ ಸಾಕು, ಎರಡೂ ಬದಿಯಿಂದ ಕೈಗೆ ಎಟುಕುತ್ತದೆ. ಕೆಬ್ಬೆ ನೆಲದವರಿಗೆ ನೀರು ಬೇಗ ಬಸಿಯುತ್ತದೆ, ಗೊಬ್ಬರ ಹೆಚ್ಚು ಬೇಕು. ಎರೆ ನೆಲದವರಿಗೆ ಕಾಲುವೆ ಆಳವಿರಬೇಕು. ಎರೆಮಣ್ಣು ಮೆಟ್ಟಿದ ಕಡೆ ಇಟ್ಟಿಗೆಯಂತಾಗುವುದರಿಂದ ಒದ್ದೆಯಿದ್ದಾಗ ಮಡಿಯೊಳಗೆ ಕಾಲಿಡಬಾರದು.

ಪಕ್ಕದವರ ತೋಟದ ನೀರು ನಮ್ಮ ಮಡಿಗೆ ನುಗ್ಗದಂತೆ ಒಂದು ಸಣ್ಣ ಬದುವೂ ಬೇಕು. ನಂಜನಗೂಡಿನ ರಸಬಾಳೆಯನ್ನು ಊರಿನ ತೋಟಗಳಿಂದ ಮೂಲೆಗೆ ತಳ್ಳಿದ ಪನಾಮ ಸೊರಗು ರೋಗ ಮಣ್ಣಲ್ಲಿ ಬದುಕುವ ಶಿಲೀಂಧ್ರದ್ದು. ಅದು ಕಂದಿನ ಜೊತೆ, ಗುದ್ದಲಿಗೆ ಅಂಟಿದ ಮಣ್ಣಿನ ಜೊತೆ, ಹರಿಯುವ ನೀರಿನ ಜೊತೆ ತೋಟದಿಂದ ತೋಟಕ್ಕೆ ಹೋಯಿತು. ಟೊಮ್ಯಾಟೊ, ಬದನೆಯ ಸೊರಗು ರೋಗವೂ ಹೀಗೇ ನೀರಿನಲ್ಲಿ ಪಯಣಿಸುತ್ತದೆ.

ಗೊಬ್ಬರದ ವಿಚಾರ ಒಂದೇ ಮಾತಿನಲ್ಲಿ: ಕಳಿತದ್ದು ಮಾತ್ರ. ಬನ್ನೂರಿನ ಕಡೆ ಕುರಿ ಸಾಕುವವರಿಂದ ಹಿಕ್ಕೆ ಸುಲಭವಾಗಿ ಸಿಗುತ್ತದೆ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ಗೊಣ್ಣೆ ಹುಳುವಿಗೂ ಗೆದ್ದಲಿಗೂ ಆಹ್ವಾನ ಕೊಟ್ಟಂತೆ.

ಎರಡನೇ ಮಳೆಗೆ

ಎರಡನೇ ಮಳೆ ಭರಣಿಯ ಕೊನೆಗೋ ಕೃತ್ತಿಕೆಗೋ ಬರುತ್ತದೆ. ಹದ ಬಂದಿದೆಯೇ ಎಂದು ನೋಡಲು ಮಾಪಕ ಬೇಡ. ಒಂದು ಗೇಣು ಬಗೆದು ಆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಸೊಂಟದ ಎತ್ತರದಿಂದ ಬಿಡಬೇಕು. ಉಂಡೆಯೇ ಆಗದಿದ್ದರೆ ತೇವ ಸಾಲದು. ಬಿದ್ದು ಎರಡು ಮೂರು ಹೋಳಾದರೆ ಹದ. ಪಚಕ್ಕೆಂದು ಚಪ್ಪಟೆಯಾದರೆ ಇನ್ನೂ ಒಂದು ದಿನ ಕಾಯಬೇಕು.

ಬೆಂಡೆ ಬೀಜ ರಾತ್ರಿ ನೆನೆಹಾಕಿ ಬೆಳಿಗ್ಗೆ ಎರಡಡಿ ಸಾಲಿನಲ್ಲಿ ಅಡಿಗೊಂದರಂತೆ ಊರಿದರೆ 45–50 ದಿನಕ್ಕೆ ಮೊದಲ ಕಾಯಿ. ನಮ್ಮಲ್ಲಿ ಬೆಂಡೆಯ ಎಲೆ ನರ ಹಳದಿಯಾಗುವ ರೋಗವನ್ನು ಹರಡುವುದು ಬಿಳಿನೊಣ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿಯನ್ನು ಆ ರೋಗ ತಡೆಯಲೆಂದೇ ರೂಪಿಸಿದ್ದು. ಟೊಮ್ಯಾಟೊದಲ್ಲಿ ಎಲೆ ಮುದುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಾಳಿಕೊಳ್ಳುವ ‘ಅರ್ಕಾ ರಕ್ಷಕ್’ ಇದೆ. ಸುತ್ತೂರಿನಲ್ಲಿ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿರುವುದರಿಂದ ಎರಡೂ ತಾಲ್ಲೂಕಿನವರಿಗೆ ತಳಿ, ರೋಗದ ಬಗ್ಗೆ ಕೇಳಲು ಹೆಚ್ಚು ದೂರ ಹೋಗಬೇಕಿಲ್ಲ. ಬದನೆಯಲ್ಲಿ ಮೈಸೂರಿನವರಿಗೆ ಈರನಗೆರೆ ಬದನೆಯ ಮುಂದೆ ಇನ್ನೊಂದಿಲ್ಲ. ರುಚಿಯ ಮಾತಿಗೆ ನಾನೂ ಅವರ ಪಕ್ಷ.

ದಂಟು, ಕೀರೆಯ ಬೀಜ ಸಾಸಿವೆಗಿಂತ ಸಣ್ಣದು. ನಾಲ್ಕು ಪಾಲು ಮರಳು ಬೆರೆಸಿ ಎರಚಿದರೆ ಒತ್ತಾಗುವುದಿಲ್ಲ. ಇರುವೆಗೆ ಮಡಿಯ ಸುತ್ತ ಒಂದು ಹಿಡಿ ಅಕ್ಕಿ ತರಿಯನ್ನೋ ರವೆಯನ್ನೋ ಉದುರಿಸಿ. ಅದನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಮೂರ್ನಾಲ್ಕು ವಾರಕ್ಕೆ ಕೊಯ್ಲು.

ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮಾತ್ರ ಕಾಯುವ ಹಾಗಿಲ್ಲ. ಇವುಗಳ ಸಸಿ ಬೆಳೆಯಲೇ ನಾಲ್ಕೈದು ವಾರ ಬೇಕು. ಅಶ್ವಿನಿಯಲ್ಲೇ ಸೂರಿನಡಿ, ಟ್ರೇಯಲ್ಲೋ ಹಳೆ ಡಬ್ಬಿಯಲ್ಲೋ ಒಟ್ಟಲು ಹಾಕಿ, ನೆಲದಿಂದ ಮೇಲೆ ಬೆಂಚಿನ ಮೇಲಿಟ್ಟರೆ ಹುಳಕ್ಕೂ ದೂರ, ಜಡಿಮಳೆಗೂ ದೂರ. ಸಸಿ ನಿನ್ನೆ ನೆಟ್ಟಗಿತ್ತು, ಇವತ್ತು ಬುಡ ದಾರದಂತೆ ಸಣ್ಣಗಾಗಿ ಮಲಗಿದೆ ಎಂದರೆ ಅದು ಬುಡಕೊಳೆ. ಇದನ್ನು ಸಾಕುವುದು ಒತ್ತು ಬಿತ್ತನೆ ಮತ್ತು ಆರದ ತೇವ. ಮಣ್ಣಿಗೆ ಟ್ರೈಕೋಡರ್ಮಾ ಬೆರೆಸುವುದು ಒಂದು ಮುನ್ನೆಚ್ಚರಿಕೆ. ಇನ್ನೊಂದು ಹಳೆಯ ಬೋರ್ಡೋ ದ್ರಾವಣ: ಹತ್ತು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ಹತ್ತು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೂಡಿಸಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಬಳಸಬೇಕು.

ಹುಲ್ಲು, ಕಬ್ಬಿನ ಸೋಗೆ, ಒಣ ಎಲೆಯ ಮುಚ್ಚಿಗೆ ಮಣ್ಣಿನ ತೇವ ಉಳಿಸುತ್ತದೆ, ಮಳೆಯ ಹೊಡೆತಕ್ಕೆ ಮಣ್ಣು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆದರೆ ಅದೇ ಶಂಖದ ಹುಳುವಿನ ಮನೆಯೂ ಹೌದು. ಸಸಿಗೆ ನಾಲ್ಕೈದು ಎಲೆ ಬಂದು ಕಾಂಡ ಗಟ್ಟಿಯಾದ ಮೇಲೆ ಮುಚ್ಚಿಗೆ ಹಾಕಿದರೆ ಎರಡೂ ದಕ್ಕುತ್ತವೆ.

ಹೂವಿನ ಹೊತ್ತು

ಬಳ್ಳಿಗಳಿಗೆ ಚಪ್ಪರ ಬೇಕು. ಮೇ ತಿಂಗಳ ಬಿರುಗಾಳಿಗೆ ಗೊನೆ ಹೊತ್ತ ಬಾಳೆ ಮಲಗುವುದನ್ನು ಪ್ರತಿ ವರ್ಷ ನೋಡುತ್ತೇವೆ, ಚಪ್ಪರ ಯಾವ ಲೆಕ್ಕ? ಆಳು ಎತ್ತರಕ್ಕಿಂತ ಮೇಲೆ ಹೋಗದಂತೆ, ಸರ್ವೆ ಗಳವನ್ನು ಎರಡಡಿ ಹೂತು, ಮೂಲೆಗೆ ಓರೆ ಊರುಗೋಲು ಕೊಟ್ಟರೆ ತಡೆಯುತ್ತದೆ.

ಹೂ ಬಿಟ್ಟ ಮೇಲೆ ಹಲವರ ದೂರು ಒಂದೇ: ಕುಂಬಳ ಕಾಯಿ ಕಚ್ಚಿತು, ಹೀರೆ ಸೋರೆ ಮಾತ್ರ ಪಿಂದೆಯಲ್ಲೇ ಹಳದಿಯಾಗಿ ಉದುರಿತು. ನಾನೂ ಇದನ್ನು ಗೊಬ್ಬರದ ದೋಷವೆಂದೇ ತಿಳಿದು ಎರಡು ವರ್ಷ ಬೂದಿ, ಹಿಂಡಿ ಹಾಕಿದ್ದೆ. ಉತ್ತರ ಗಡಿಯಾರದಲ್ಲಿತ್ತು. ಕುಂಬಳ, ಸೌತೆ, ಹಾಗಲದ ಹೂ ಬೆಳಗಿನ ಜಾವ ಅರಳುತ್ತದೆ. ಆ ಹೊತ್ತಿಗೆ ಮೇ ತಿಂಗಳ ಆಕಾಶ ತಿಳಿಯಾಗಿದ್ದು ತುಡುವೆ ಜೇನು ಕೆಲಸಕ್ಕೆ ಬಂದಿರುತ್ತದೆ. ಹೀರೆಯ ಹಳದಿ ಹೂ, ಸೋರೆಯ ಬಿಳಿ ಹೂ ಬಿರಿಯುವುದು ಸಂಜೆ. ಅವಕ್ಕೆ ಮುಸ್ಸಂಜೆಯ ಪತಂಗಗಳೇ ನೆಂಟರು. ನಮ್ಮ ಮಳೆ ಬರುವುದೂ ಸಂಜೆಯೇ. ಹೂ ನೆನೆದು, ಪರಾಗ ಹೆಪ್ಪಾಗಿ, ಪತಂಗ ಬಾರದೆ ಆ ದಿನದ ಹೆಣ್ಣು ಹೂವೆಲ್ಲ ಬಂಜೆ. ಮೋಡ ಕಟ್ಟಿದ ಸಂಜೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಪುಟ್ಟ ಪಿಂದೆ ಹೊತ್ತ ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ತಾಗಿಸಿ, ಹೂವಿನ ಮೇಲೊಂದು ಕಾಗದದ ಕೊಟ್ಟೆ ಕವುಚಿದರೆ ಕಾಯಿ ನಿಲ್ಲುತ್ತದೆ.

ಕಾಯಿ ನಿಂತರೆ ಹಣ್ಣುನೊಣ. ಹೀರೆ, ಹಾಗಲ ಎಳೆಯದಿದ್ದಾಗಲೇ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ ಕಾಯಿ ಸೊಟ್ಟಗಾಗುತ್ತದೆ. ಅಂಥದ್ದನ್ನು ತಿಪ್ಪೆಗೆ ಎಸೆದರೆ ಒಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಒಂದೂವರೆ ಅಡಿ ಆಳಕ್ಕೆ ಹೂಳಬೇಕು. ಗಂಡು ನೊಣಗಳನ್ನು ಸೆಳೆಯುವ ಮೋಹಕ ಬಲೆಯನ್ನು ಚಪ್ಪರಕ್ಕೆ ತೂಗಿಹಾಕಿದರೆ ಔಷಧಿಯ ಕೆಲಸ ಕಡಿಮೆ. ಔಷಧಿ ಹೊಡೆಯಲೇಬೇಕೆಂದರೆ ಜೇನು ಮರಳಿದ ಮೇಲೆ ಹೊಡೆಯಿರಿ, ಗಾಳಿ ಎತ್ತ ಬೀಸುತ್ತಿದೆ ನೋಡಿಕೊಳ್ಳಿ. ರೇಷ್ಮೆಗೆ ಹೆಸರಾದ ತಿ. ನರಸೀಪುರದ ಕಡೆ ಪಕ್ಕದ ಹೊಲ ಹಿಪ್ಪುನೇರಳೆಯದಾಗಿದ್ದರೆ ಸೊಪ್ಪಿಗೆ ತಾಗಿದ ಔಷಧಿ ಹುಳು ಮನೆಯನ್ನೇ ಖಾಲಿ ಮಾಡುತ್ತದೆ.

ಕಳೆದ ಸಲ ಬದನೆ ಗಿಡದಲ್ಲಿ ಅಗಲ ಎಲೆಯೊಂದು ದೊನ್ನೆಯಂತೆ ಮಡಿಚಿಕೊಂಡಿತ್ತು. ರೋಗವೆಂದು ಕೀಳಲು ಹೋದವನಿಗೆ ಅಂಚಿನಲ್ಲಿ ಹತ್ತಿಯ ಎಳೆಯ ಹೊಲಿಗೆ ಕಂಡಿತು. ಸಿಂಪಿಗ ಹಕ್ಕಿಯ ಗೂಡು. ಹೆಬ್ಬೆರಳಿನಷ್ಟು ಹಕ್ಕಿ ದಿನವೆಲ್ಲ ಬದನೆ, ಅವರೆಯ ಹಸಿರು ಹುಳುಗಳನ್ನು ಕೊಕ್ಕಿನಲ್ಲಿ ತಂದು ಮರಿಗಳ ಬಾಯಿಗಿಡುತ್ತಿತ್ತು. ಮರಿ ಹಾರುವವರೆಗೆ ಗಿಡ ಮುಟ್ಟದ್ದರಿಂದ ಅದರ ನಾಲ್ಕು ಬದನೆಕಾಯಿ ಬಲಿತು ಬೀಜಕ್ಕಾದವು.

ಬೇಲಿಯಾಚೆಯವರು

ನವಿಲಿಗೆ ಎಳೆ ಮೊಳಕೆಯೂ ಟೊಮ್ಯಾಟೊವೂ ಇಷ್ಟ, ಹುಳುವೂ ಹಾವಿನ ಮರಿಯೂ ಇಷ್ಟ. 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕಲ್ಲು ಹೊಡೆಯುವುದರ ಬದಲು ಹೊಸ ಮಡಿಯ ಮೇಲೆ ಜಾಲಿಮುಳ್ಳು ಹರವಿ, ಅಡಿ ಎತ್ತರಕ್ಕೆ ಅಡ್ಡಾದಿಡ್ಡಿ ದಾರ ಕಟ್ಟಿದರೆ ಮೂರು ವಾರ ನೆಮ್ಮದಿ. ಸುತ್ತ ಹಳೆ ಸೀರೆ ಕಟ್ಟುವುದು ನಮ್ಮ ಹೊಲಗಳಲ್ಲಿ ಸಾಮಾನ್ಯ, ಹಂದಿಗೂ ಅದೇ. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಅಂಚಿನವರಿಗೆ ಸೀರೆ ಸಾಲದು. ಅಲ್ಲಿ ಬಂಡೀಪುರದ ಕಾಡೇ ಬೇಲಿ, ಆನೆಯೇ ನೆರೆಯವ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಬಹುದು. ಬೇಲಿಗೆ ನೇರ ಕರೆಂಟು ಕೊಡುವುದು ಮಾತ್ರ ಅಪರಾಧ. ಅದಕ್ಕೆ ಹಂದಿಯಷ್ಟೇ ಸುಲಭವಾಗಿ ನೀರು ಕಟ್ಟಲು ಹೋದ ಮನೆಯವರೂ ಬಲಿಯಾಗುತ್ತಾರೆ.

ತಿ. ನರಸೀಪುರದವರಿಗೆ ಬೇರೆಯೇ ನೆನಪಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಅದರ ಬೆನ್ನಿಗೇ ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆ ಬಂತು. ಕಬ್ಬಿನ ಗದ್ದೆ ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆ. ಶಂಖದ ಹುಳುವನ್ನು ರಾತ್ರಿ ಟಾರ್ಚು ಹಿಡಿದು ಆರಿಸಿ ಎಂದು ಹಲವರು ಹೇಳುತ್ತಾರೆ. ನಾನು ಗೋಣಿಚೀಲದ ಉಪಾಯ ಹೇಳಿದ್ದು, ಆರಿಸುವುದನ್ನು ಬೆಳಕು ಹರಿದ ಮೇಲೆ ಇಟ್ಟದ್ದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ ಹಾವು. ಮಳೆಗೆ ಕಪ್ಪೆ ಏಳುತ್ತದೆ, ಕಪ್ಪೆಯ ಹಿಂದೆ ಹಾವು. ಕೆರೆಹಾವು ಇಲಿ ಹೆಗ್ಗಣಗಳ ಲೆಕ್ಕ ಚುಕ್ತಾ ಮಾಡುವ ಸಾಧು. ಹೆದರಬೇಕಾದದ್ದು ನಾಗರ, ಕಟ್ಟುಹಾವು, ಮಂಡಲಕ್ಕೆ. ಚೀಲ, ಸೋಗೆ, ಇಟ್ಟಿಗೆ ಎತ್ತುವಾಗ ಮೊದಲು ಕೋಲು, ಆಮೇಲೆ ಕೈ. ಕಚ್ಚಿದರೆ ಬಿಗಿದು ಕಟ್ಟುವುದು, ಕುಯ್ಯುವುದು, ಮಂತ್ರ ಹಾಕಿಸುವುದು ಎಲ್ಲ ಬಿಟ್ಟು, ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಓಡಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಪಾಡು ಪಟ್ಟು ಬೆಳೆದ ಬೆಂಡೆ, ಸಂತೆಯ ಬೆಂಡೆಗಿಂತ ಎಷ್ಟು ಹೆಚ್ಚು ಎಂದು ಮನೆಯಲ್ಲಿ ಕೇಳುತ್ತಾರೆ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿನವರ ನಂಬಿಕೆ. ನಾನೂ ಅದೇ ತಕ್ಕಡಿ ಹಿಡಿದು, ಅಷ್ಟೇ ಹೆಚ್ಚು ಎನ್ನುತ್ತೇನೆ.

ಈ ವರ್ಷವೂ ಮೊದಲ ಮಳೆ ಹುಯ್ದ ಸಂಜೆ ಕರೆಂಟು ಹೋಯಿತು, ಬಂತು. ನೆಲಗಪ್ಪೆ ಅದೇ ಮೆಟ್ಟಿಲ ಸಂದಿಯಿಂದ ಹೊರಬಂತು. ಬೀಜದ ಡಬ್ಬಿ ಅಟ್ಟದಲ್ಲೇ ಇತ್ತು. ಬೆಳಿಗ್ಗೆ ಬೇಲಿಯಾಚೆಯಿಂದ ಅಜ್ಜಿ ಕೂಗಿದರು: “ಬೀಜ ಹಾಕ್ಬುಟ್ಯಾ ಮಗ?”

“ಇಲ್ಲ ಅಜ್ಜಿ, ಸೊಪ್ಪು ಬರಲಿ ಅಂತ ಕಾಯ್ತಿದೀನಿ” ಎಂದೆ. ಗೋಣಿಚೀಲ ನೆನೆಹಾಕಲು ಬಕೆಟ್ಟು ಹುಡುಕುತ್ತಿದ್ದೆ.